ಆಟ ಕಟ್ಟುವವರ ಧರ್ಮ

(ನಿವೃತ್ತರಾದ ಜಿಲ್ಲಾ ನ್ಯಾಯಾಧೀಶರೊಬ್ಬರಿಗೂ, ಬೆಂಗಳೂರಿನ ಒಂದು ವಿಡಿಯೋ ಗೇಮ್ ಸಂಸ್ಥೆಯಲ್ಲಿ ವಿನ್ಯಾಸಕಿಯಾಗಿರುವ ಅವರ ತಮ್ಮನ ಮಗಳಿಗೂ ನಡೆದ ಸಂವಾದ.)

ಮಗಳು: ದೊಡ್ಡಪ್ಪ, ನನ್ನ ಉದ್ಯೋಗ ಯಾವುದೆಂದು ಕೇಳಿದವರಿಗೆ ‘ವಿಡಿಯೋ ಗೇಮ್ ಕಟ್ಟುವುದು’ ಎಂದು ಉತ್ತರ ಕೊಟ್ಟೊಡನೆ ಅವರ ಬಾಯಿಂದ ಹೊರಡುವ ಎರಡನೆಯ ಪ್ರಶ್ನೆ ಬಹುಮಟ್ಟಿಗೆ ಒಂದೇ: ‘ಮಕ್ಕಳ ಕೈಗೆ ಬಂದೂಕು ಕೊಟ್ಟು ಕೊಲ್ಲುವುದನ್ನು ಕಲಿಸುವ ಆಟಗಳೇನಮ್ಮಾ?’ ಎಂದು. ನೀವು ಮಾತ್ರ ಈವರೆಗೆ ಅದನ್ನು ಕೇಳಿಲ್ಲ. ಇದು ದಾಕ್ಷಿಣ್ಯದ ಮೌನವೋ, ಅಥವಾ ಅದಕ್ಕಿಂತ ಕಠಿನವಾದ ಇನ್ನೊಂದು ಪ್ರಶ್ನೆಯನ್ನು ನೀವು ಕಾದಿರಿಸಿಕೊಂಡಿದ್ದೀರೋ ತಿಳಿಯದು.

ದೊಡ್ಡಪ್ಪ: ದಾಕ್ಷಿಣ್ಯವಲ್ಲ, ಮಗೂ. ಆ ಪ್ರಶ್ನೆಯ ವಿಚಾರಣೆ ನನಗಿಂತ ದೊಡ್ಡ ಸಭೆಗಳಲ್ಲಿ ನಡೆದುಹೋಗಿದೆ. 1993ರ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟ್ಟಿನ ಸದಸ್ಯರು ‘ಮಾರ್ಟಲ್ ಕಾಂಬ್ಯಾಟ್’, ‘ನೈಟ್ ಟ್ರ್ಯಾಪ್’ ಎಂಬ ಆಟಗಳನ್ನು ಮುಂದಿಟ್ಟುಕೊಂಡು ನಿಮ್ಮ ಉದ್ಯಮವನ್ನು ತರಾಟೆಗೆ ತೆಗೆದುಕೊಂಡರು. ಅದರ ಫಲವಾಗಿ ಮರುವರ್ಷ ಉದ್ಯಮವೇ ಆಟಗಳನ್ನು ವಯಸ್ಸಿಗನುಸಾರವಾಗಿ ವರ್ಗೀಕರಿಸುವ ಮಂಡಲಿಯೊಂದನ್ನು ಸ್ಥಾಪಿಸಿಕೊಂಡಿತು. ಹಿಂಸಾತ್ಮಕವಾದ ಆಟಗಳನ್ನು ಅಪ್ರಾಪ್ತವಯಸ್ಕರಿಗೆ ಮಾರಕೂಡದೆಂದು ಕ್ಯಾಲಿಫೋರ್ನಿಯಾ ಮಾಡಿದ ಶಾಸನವನ್ನು 2011ರಲ್ಲಿ ಆ ದೇಶದ ಸುಪ್ರೀಂ ಕೋರ್ಟು ಏಳು–ಎರಡರ ಬಹುಮತದಿಂದ ರದ್ದುಪಡಿಸಿತು. ದುಶ್ಶಾಸನವಧೆಯನ್ನು ಯಕ್ಷಗಾನದ ರಂಗಸ್ಥಳದೆದುರು ಕುಳಿತು ರಾತ್ರಿಯಿಡೀ ನೋಡಿದ ನಮ್ಮೂರ ಹುಡುಗರಾರೂ ಬೆಳಗಾಗುತ್ತಲೇ ಗದೆ ಹಿಡಿದು ದಾಯಾದಿಯ ಮನೆಗೆ ಹೊರಟದ್ದನ್ನು ನಾನು ಕಂಡಿಲ್ಲ. ರಕ್ತವನ್ನು ತೋರಿಸಿದ ಮಾತ್ರಕ್ಕೆ ಕಲೆ ಅಧರ್ಮವಾಗದು. ಅದನ್ನು ಏತಕ್ಕಾಗಿ ತೋರಿಸಿತು ಎಂಬುದು ರಸವಿಮರ್ಶೆಯ ವಿಷಯ. ನನ್ನ ಸಂಶಯವಿರುವುದು ನಿಮ್ಮ ಚಿತ್ರಗಳಲ್ಲಿ ಅಲ್ಲ, ನಿಮ್ಮ ಲೆಕ್ಕದಲ್ಲಿ.

ಮಗಳು: ಲೆಕ್ಕದ ಮಾತಿಗೆ ಆಮೇಲೆ ಬರೋಣ. ಕಲೆಯೆಂದು ನೀವು ಒಪ್ಪಿದ್ದೇ ನನಗೆ ಈಗ ಸಾಕು, ಏಕೆಂದರೆ ಹೊರಗಿನವರು ಅಷ್ಟನ್ನೂ ಒಪ್ಪುವುದಿಲ್ಲ. 2013ರಲ್ಲಿ ಲೂಕಸ್ ಪೋಪ್ ಎಂಬಾತ ಬಹುತೇಕ ಒಬ್ಬನೇ ಕುಳಿತು ‘ಪೇಪರ್ಸ್, ಪ್ಲೀಸ್’ ಎಂಬ ಆಟವನ್ನು ಕಟ್ಟಿದ. ಅದರಲ್ಲಿ ಆಡುವವನು ಒಂದು ಕಲ್ಪಿತ ಸರ್ವಾಧಿಕಾರಿ ರಾಷ್ಟ್ರದ ಗಡಿಕಟ್ಟೆಯ ಗುಮಾಸ್ತ. ಬಂದವರ ಪಾಸ್‌ಪೋರ್ಟನ್ನು ಪರೀಕ್ಷಿಸಿ ಮುದ್ರೆಯೊತ್ತುವುದೇ ಅವನ ಕೆಲಸ. ಗಂಡನ ಕಾಗದಪತ್ರಗಳು ಸರಿಯಾಗಿದ್ದು ಹೆಂಡತಿಯವು ಸರಿಯಿಲ್ಲದಿದ್ದಾಗ ಅವಳನ್ನು ಒಳಬಿಟ್ಟರೆ ಸಂಬಳದಲ್ಲಿ ದಂಡ, ಬಿಡದಿದ್ದರೆ ದಂಪತಿಗಳ ಅಗಲಿಕೆ; ದಂಡ ತೆತ್ತರೆ ಅಂದಿನ ರಾತ್ರಿ ಮನೆಯಲ್ಲಿ ಕಾಯಿಲೆಯ ಮಗನಿಗೆ ಔಷಧವಿಲ್ಲ. ಕಾದಂಬರಿಯಲ್ಲಾದರೆ ಗುಮಾಸ್ತನ ದೌರ್ಬಲ್ಯವನ್ನು ಓದಿ ನಾವು ನಿಟ್ಟುಸಿರು ಬಿಡುತ್ತೇವೆ. ಇಲ್ಲಿ ಮುದ್ರೆಯೊತ್ತಿದ ಕೈ ನಮ್ಮದೇ. ಕರ್ಮದ ಭಾರವನ್ನು ಓದುಗನ ಮೇಲಲ್ಲದೆ ಕರ್ತನ ಮೇಲೆಯೇ ಹೊರಿಸಬಲ್ಲ ಕಲೆ ಇದೊಂದೇ ಎಂದು ನಾನು ನಂಬಿದ್ದರಿಂದ ಈ ವೃತ್ತಿಗೆ ಬಂದೆ.

ದೊಡ್ಡಪ್ಪ: ನಿನ್ನ ನಂಬಿಕೆಗೆ ನಮ್ಮ ನಾಡಿನಲ್ಲಿಯೇ ಗೌರವದ ಪೂರ್ವಪರಂಪರೆಯಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫದ ಎಲೆಗಳಿಗೆ ಹೊಸ ಹೊಸ ಬಗೆಗಳನ್ನು ಕಲ್ಪಿಸಿ, ‘ಶ್ರೀತತ್ತ್ವನಿಧಿ’ಯ ‘ಕೌತುಕನಿಧಿ’ ಎಂಬ ಭಾಗದಲ್ಲಿ ಅವುಗಳ ಸ್ವರೂಪವನ್ನು ವರ್ಣಿಸಿದರು. ರಾಜ್ಯಭಾರವನ್ನು ಆಂಗ್ಲರು ಕಸಿದುಕೊಂಡ ಮೇಲೆ ಒಬ್ಬ ದೊರೆ ತನ್ನ ಪ್ರತಿಭೆಯನ್ನು ಆಟದ ನಿಯಮಗಳ ರಚನೆಯಲ್ಲಿ ತೊಡಗಿಸಿದನೆಂದರೆ ಆ ವಿದ್ಯೆ ಕ್ಷುದ್ರವಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಆ ಉದಾಹರಣೆಯಲ್ಲಿ ಇನ್ನೊಂದು ಅಂಶವಿರುವುದನ್ನು ಗಮನಿಸು. ನಿಯಮವನ್ನು ಬರೆದಿಟ್ಟ ಮೇಲೆ ಬರೆದವನು ಅಲ್ಲಿಂದ ಎದ್ದುಹೋಗುತ್ತಾನೆ. ಎಲೆಗಳನ್ನು ಹಂಚಿಕೊಂಡು ಕುಳಿತವರ ನಡುವೆ ಆತನಿಗೆ ಸ್ಥಾನವಿಲ್ಲ. ಯಾರು ಗೆದ್ದರೂ ಯಾರು ಸೋತರೂ ಆತನ ಬೊಕ್ಕಸಕ್ಕೆ ಕಾಸು ಬರುವುದಿಲ್ಲ, ಹೋಗುವುದೂ ಇಲ್ಲ. ನಡುರಾತ್ರಿಯಲ್ಲಿ ಎದ್ದು ಬಂದು ರಾಜನ ಎಲೆಗಿಂತ ಮಂತ್ರಿಯ ಎಲೆಯೇ ಮೇಲೆಂದು ಯಾರ ಗಮನಕ್ಕೂ ಬಾರದಂತೆ ತಿದ್ದುವುದು ಆತನಿಗೆ ಸಾಧ್ಯವೂ ಇಲ್ಲ. ಚದುರಂಗವಾಗಲಿ, ಚೌಕಾಬಾರವಾಗಲಿ, ಅಳಗುಳಿಮಣೆಯಾಗಲಿ, ಆಟವು ಆಡುವವರ ಸ್ವತ್ತಾಗುವುದು ಕಟ್ಟಿದವನ ಈ ನಿರ್ಗಮನದಿಂದ. ನೀವು ಕಟ್ಟುವ ಆಟಗಳಲ್ಲಿ ಆ ನಿರ್ಗಮನ ಉಂಟೇ? ನಾನು ಕಾದಿರಿಸಿದ ಪ್ರಶ್ನೆ ಇದು.

ಮಗಳು: ಒಂದು ಕಾಲದಲ್ಲಿ ಇತ್ತು. ಡಬ್ಬಿಯಲ್ಲಿಟ್ಟು ಮಾರಿದ ಆಟವನ್ನು ಕೊಂಡವನು ಮನೆಗೊಯ್ದ ಮೇಲೆ ನಮಗೂ ಅವನಿಗೂ ಸಂಬಂಧವಿರುತ್ತಿರಲಿಲ್ಲ. ಈಗ ಫೋನಿನಲ್ಲಿ ಉಚಿತವಾಗಿ ದೊರೆಯುವ ಆಟದ ನಿಯಮಗಳು ಆಡುವವನ ಕೈಯಲ್ಲಿಲ್ಲ, ನಮ್ಮ ಸರ್ವರಿನಲ್ಲಿವೆ. ಇಂದು ಬೆಳಿಗ್ಗೆ ಸಾವಿರ ಮಂದಿಗೆ ಒಂದು ಬಗೆಯ ಬಹುಮಾನವನ್ನೂ ಬೇರೆ ಸಾವಿರ ಮಂದಿಗೆ ಇನ್ನೊಂದು ಬಗೆಯದನ್ನೂ ತೋರಿಸಿ, ಸಂಜೆಯೊಳಗೆ ಯಾರು ಹೆಚ್ಚು ಹೊತ್ತು ಉಳಿದರು, ಯಾರು ಹಣ ಕೊಟ್ಟರು ಎಂದು ಎಣಿಸಿ, ನಾಳೆ ಎಲ್ಲರಿಗೂ ಲಾಭದ್ದನ್ನೇ ಇಡುವುದು ನಮ್ಮ ನಿತ್ಯಕರ್ಮ. ದಿನವೂ ಬಂದು ಹಾಜರಿ ಹಾಕಿದವನಿಗೆ ಬೆಳೆಯುತ್ತ ಹೋಗುವ ಕಾಣಿಕೆ, ಒಂದು ದಿನ ತಪ್ಪಿದರೆ ಸರಣಿಭಂಗ. ಅರ್ಧ ಗಂಟೆಗೊಮ್ಮೆ ಬರಿದಾಗುವ ‘ಎನರ್ಜಿ’, ಕಾಯಲಾರದವನಿಗೆ ಅದನ್ನು ಮಾರುವ ಅಂಗಡಿ. ಇವುಗಳ ಹಿಂದೆ ಶಾಸ್ತ್ರವಿದೆ. ಪಾರಿವಾಳವು ಗುಂಡಿಯನ್ನು ಕುಕ್ಕಿದಾಗಲೆಲ್ಲ ಕಾಳು ದೊರೆಯುವುದಕ್ಕಿಂತ, ಎಷ್ಟನೆಯ ಕುಕ್ಕಿಗೆಂದು ತಿಳಿಯದಂತೆ ಯಾವಾಗಲೋ ಒಮ್ಮೆ ದೊರೆತರೆ ಅದು ಬಿಡದೆ ಕುಕ್ಕುತ್ತಿರುತ್ತದೆಂದು ಸ್ಕಿನ್ನರ್ ಮತ್ತು ಫರ್ಸ್ಟರ್ 1957ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ನಿರೂಪಿಸಿದ್ದರು. ಆ ತತ್ತ್ವವನ್ನು ಆಟದ ವಿನ್ಯಾಸಕ್ಕೆ ಅನ್ವಯಿಸುವ ಬಗೆಯನ್ನು ಜಾನ್ ಹಾಪ್ಸನ್ 2001ರಲ್ಲಿ ವೃತ್ತಿಯವರಿಗಾಗಿ ಒಂದು ಲೇಖನದಲ್ಲಿ ವಿವರಿಸಿದ. ನಾವೆಲ್ಲ ಅದನ್ನು ಓದಿಯೇ ಬೆಳೆದವರು.

ದೊಡ್ಡಪ್ಪ: ಪಾರಿವಾಳಕ್ಕೆ ಕಾಳಾದರೂ ದೊರೆಯುತ್ತಿತ್ತು. ನಿಮ್ಮವರು ಮಾರುವುದು ಏನನ್ನು?

ಮಗಳು: ಹಲವೆಡೆ ಒಂದು ಮುಚ್ಚಿದ ಪೆಟ್ಟಿಗೆಯನ್ನು. ಲೂಟ್ ಬಾಕ್ಸ್ ಎಂದು ಅದರ ಹೆಸರು. ಹಣ ಕೊಟ್ಟ ಮೇಲೆಯೇ ಅದು ತೆರೆಯುವುದು. ಒಳಗೆ ಅಪರೂಪದ ಆಯುಧವೂ ಇರಬಹುದು, ಈಗಾಗಲೇ ಇರುವ ಅಂಗಿಯೇ ಮತ್ತೊಮ್ಮೆ ಬರಬಹುದು. ಜಪಾನಿನಲ್ಲಿ ಇದಕ್ಕೆ ಗಾಚಾ ಎನ್ನುತ್ತಾರೆ. ಅಲ್ಲಿ ಹೀಗೆ ಸಿಕ್ಕ ಬಿಡಿವಸ್ತುಗಳ ಒಂದು ಪೂರ್ಣ ಗುಂಪನ್ನು ಕೂಡಿಸಿದವನಿಗೆ ಮಾತ್ರ ದೊಡ್ಡ ಬಹುಮಾನವೆಂಬ ಪದ್ಧತಿ ಹಬ್ಬಿ, ಕೊನೆಯ ಒಂದು ತುಣುಕಿಗಾಗಿ ಜನ ಹಣ ಸುರಿಯತೊಡಗಿದಾಗ, 2012ರಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಅದನ್ನು ಕಾನೂನುಬಾಹಿರವೆಂದು ಸಾರಿತು. ಪಶ್ಚಿಮದಲ್ಲಿ ಕೋಲಾಹಲವೆದ್ದದ್ದು 2017ರ ನವೆಂಬರಿನಲ್ಲಿ, ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ಬಿಡುಗಡೆಯಾಗುವ ಹೊತ್ತಿನಲ್ಲಿ. ಪೂರ್ಣ ಬೆಲೆ ಕೊಟ್ಟು ಕೊಂಡ ಆ ಆಟದಲ್ಲಿ ಒಬ್ಬ ಪ್ರಸಿದ್ಧ ಪಾತ್ರವನ್ನು ಪಡೆಯಲು ಸುಮಾರು 40 ಗಂಟೆ ಆಡಬೇಕಾದೀತೆಂದು ಆಟಗಾರರೇ ಗಣಿಸಿ ತೋರಿಸಿದರು. ಜೊತೆಗೆ, ಹಣ ತೆತ್ತು ಪೆಟ್ಟಿಗೆಗಳನ್ನು ತೆರೆದವನಿಗೆ ರಣರಂಗದಲ್ಲಿ ಬಲವೂ ಹೆಚ್ಚುತ್ತಿತ್ತು. ಜನಾಗ್ರಹದ ಮುಂದೆ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆ ಬಿಡುಗಡೆಯ ಹಿಂದುಮುಂದಿನ ಗಳಿಗೆಯಲ್ಲಿ ಹಣದ ವ್ಯವಹಾರವನ್ನೇ ತಡೆಹಿಡಿಯಿತು.

ದೊಡ್ಡಪ್ಪ: ಋಗ್ವೇದದ ಹತ್ತನೆಯ ಮಂಡಲದಲ್ಲಿ ಜೂಜುಗಾರನೊಬ್ಬನ ಪ್ರಲಾಪವಿರುವುದನ್ನು ನೀನು ಕೇಳಿರಬಹುದು. ಮಡದಿಯನ್ನೂ ಮನೆಯನ್ನೂ ಕಳೆದುಕೊಂಡ ಆತ ಪಶ್ಚಾತ್ತಾಪದ ನಡುವೆಯೂ ಮತ್ತೆ ಸಭೆಗೆ ಓಡುತ್ತಾನೆ, ತನ್ನನ್ನು ಸೆಳೆದ ತಪ್ಪನ್ನು ದಾಳಗಳ ಮೇಲೆಯೇ ಹೊರಿಸುತ್ತಾನೆ. ಆ ದಾಳಗಳಾದರೋ ತಾರೆಯ ಮರದ ಕಾಯಿಗಳು. ಕಾಡಿನಲ್ಲಿ ತಾವಾಗಿ ಬಲಿತು ಉದುರಿದವು. ಅವುಗಳಿಗೆ ಯಾವ ಸಂಕಲ್ಪವೂ ಇರಲಿಲ್ಲ, ಅವುಗಳ ಹಿಂದೆ ಯಾವ ಕರ್ತೃವೂ ಇರಲಿಲ್ಲ. ಆದುದರಿಂದ ಆ ದೂಷಣೆ ಕಾವ್ಯವಾಯಿತೇ ಹೊರತು ಫಿರ್ಯಾದಾಗಲಿಲ್ಲ. ನೀನು ಹೇಳಿದ ಪೆಟ್ಟಿಗೆಗೆ ಕರ್ತೃವಿದ್ದಾನೆ. ಎಷ್ಟು ಮಂದಿಯಲ್ಲಿ ಒಬ್ಬನಿಗೆ ಆಯುಧ ಬರಬೇಕು, ಅದು ತೆರೆದುಕೊಳ್ಳುವಾಗ ಎಂಥ ಬೆಳಕು ಚಿಮ್ಮಬೇಕು, ಕೂದಲೆಳೆಯಲ್ಲಿ ತಪ್ಪಿತೆಂಬ ಭ್ರಮೆ ಹೇಗೆ ಹುಟ್ಟಬೇಕು ಎಂದು ಒಬ್ಬನು ಕುಳಿತು ಸಂಕಲ್ಪಪೂರ್ವಕವಾಗಿ ನಿರ್ಣಯಿಸಿದ್ದಾನೆ. ಅಂದಮೇಲೆ ಪುರಾತನ ಜೂಜುಗಾರನಿಗೆ ದೊರೆಯದ ಪ್ರತಿವಾದಿ ಇಂದಿನವನಿಗೆ ದೊರೆತಿದ್ದಾನೆ.

ಮಗಳು: ಪ್ರತಿವಾದಿಯ ಸ್ಥಾನದಲ್ಲಿ ನನ್ನನ್ನು ನಿಲ್ಲಿಸಿದಿರಾದ್ದರಿಂದ ಪ್ರತಿವಾದವನ್ನೂ ಕೇಳಬೇಕು. ಆಟದ ಯಂತ್ರವನ್ನೂ ಡಿಸ್ಕನ್ನೂ ಸಾವಿರಾರು ರೂಪಾಯಿ ಕೊಟ್ಟು ಕೊಳ್ಳಬೇಕಾಗಿದ್ದ ದಿನಗಳಲ್ಲಿ ಈ ಕಲೆ ನಗರದ ಸಿರಿವಂತರ ಮನೆಯ ಮಕ್ಕಳಿಗೆ ಮೀಸಲಾಗಿತ್ತು. ಇಂದು ಸಿಂಧನೂರಿನ ಒಬ್ಬ ಹುಡುಗ ಅಣ್ಣನ ಹಳೆಯ ಫೋನಿನಲ್ಲಿ ಟೋಕಿಯೋದ ಹುಡುಗ ಆಡುವ ಆಟವನ್ನೇ, ಅವನೊಡನೆಯೇ, ಒಂದು ಕಾಸೂ ಕೊಡದೆ ಆಡುತ್ತಾನೆ. ಇದು ಸಾಧ್ಯವಾದುದು ಬಹುಪಾಲು ಮಂದಿ ಏನನ್ನೂ ಕೊಡದೆ ಕೆಲವರು ಮಾತ್ರ ಕೊಡುವ ಪದ್ಧತಿಯಿಂದ. ಆ ಕೆಲವರು ಪ್ರಾಪ್ತವಯಸ್ಕರಾಗಿ, ತಮ್ಮ ಹಣವನ್ನು ತಮ್ಮ ಸಂತೋಷಕ್ಕೆ ವೆಚ್ಚ ಮಾಡಿದರೆ ತಡೆಯಲು ನಾವು ಯಾರು? ಅಪ್ರಾಪ್ತವಯಸ್ಕರು ವಾರಕ್ಕೆ ಮೂರೇ ಗಂಟೆ, ಅದೂ ಶುಕ್ರ, ಶನಿ, ಭಾನುವಾರಗಳ ರಾತ್ರಿ ಎಂಟರಿಂದ ಒಂಬತ್ತರವರೆಗೆ ಆಡತಕ್ಕದ್ದೆಂದು 2021ರಲ್ಲಿ ಚೀನಾ ಸರಕಾರ ಕಟ್ಟುಪಾಡು ವಿಧಿಸಿತು. ಪ್ರಭುತ್ವವು ಮನೆಮನೆಯ ಅಜ್ಜನಾಗುವುದನ್ನು ನೀವೇ ಒಪ್ಪುವವರಲ್ಲ.

ದೊಡ್ಡಪ್ಪ: ಒಪ್ಪುವವನಲ್ಲ. ಸಿಂಧನೂರಿನ ಹುಡುಗನ ಪರವಾಗಿ ನೀನು ಹೇಳಿದ್ದರಲ್ಲಿ ಸತ್ಯವಿದೆ. ಅದನ್ನು ದಾಖಲು ಮಾಡಿಕೊಂಡಿದ್ದೇನೆ. ಆದರೆ ‘ಕೊಡುವ ಕೆಲವರು’ ಎಂದೆಯಲ್ಲ, ಅವರು ಕೊಟ್ಟದ್ದು ಇಷ್ಟಪಟ್ಟೋ ಅಥವಾ ಸೋಲಿನ ಗಳಿಗೆಯಲ್ಲಿ ದಾರಿಗಾಣದೆಯೋ ಎಂಬುದನ್ನು ವಿಚಾರಿಸಬೇಡವೆ? ಆಡುವವನು ಕೊಳ್ಳಲೆಂದು ಆಟದ ನಿಯಮವನ್ನೇ ಅವನಿಗೆ ಪ್ರತಿಕೂಲವಾಗಿ ತಿರುಗಿಸುವುದುಂಟೇ? ಪ್ರಮಾಣ ಮಾಡಿದ ಸಾಕ್ಷಿಯಂತೆ ಹೇಳು.

ಮಗಳು: ತಿರುಗಿಸಲು ಯೋಚಿಸಿದ್ದುಂಟು ಎಂಬುದಕ್ಕೆ ದಾಖಲೆಯಿದೆ. ಆ್ಯಕ್ಟಿವಿಷನ್ ಸಂಸ್ಥೆಗೆ 2017ರ ಅಕ್ಟೋಬರಿನಲ್ಲಿ ಅಮೆರಿಕದ ಪೇಟೆಂಟ್ ಒಂದು ದೊರೆಯಿತು. ಹಲವರು ಕೂಡಿ ಆಡುವ ಆಟಗಳಲ್ಲಿ ಯಾರ ಎದುರು ಯಾರನ್ನು ನಿಲ್ಲಿಸಬೇಕೆಂಬುದನ್ನು ಯಂತ್ರವೇ ನಿರ್ಧರಿಸುತ್ತದಷ್ಟೆ. ಆ ನಿರ್ಧಾರವನ್ನು ಮಾರಾಟಕ್ಕೆ ಅನುಕೂಲಿಸುವ ವಿಧಾನವನ್ನು ಅದರಲ್ಲಿ ವರ್ಣಿಸಿದ್ದರು. ಹೊಸಬನೊಬ್ಬನನ್ನು, ಅವನು ಆಶೆಪಡಬಹುದಾದ ಆಯುಧವನ್ನು ಹೊಂದಿರುವ ನಿಪುಣನೊಡನೆ ಕೂಡಿಸುವುದು. ಅವನು ಅದನ್ನು ಕೊಂಡ ಮೇಲೆ, ಕೊಂಡದ್ದು ಸಾರ್ಥಕವಾಯಿತೆಂದು ತೋರುವಂತೆ ಆ ಆಯುಧ ಚೆನ್ನಾಗಿ ನಡೆಯುವ ಪಂದ್ಯಕ್ಕೆ ಅವನನ್ನು ಸೇರಿಸುವುದು. ಇದು ಸಂಶೋಧನೆಯ ಹಂತದ್ದು, ಯಾವ ಆಟದಲ್ಲಿಯೂ ಬಳಸಿಲ್ಲ ಎಂದು ಸಂಸ್ಥೆ ಸ್ಪಷ್ಟಪಡಿಸಿತು; ಆ ಮಾತನ್ನು ಅಲ್ಲಗಳೆಯಲು ನನ್ನಲ್ಲಿ ಆಧಾರವಿಲ್ಲ. ಆದರೆ ಅಂಥದೊಂದನ್ನು ಕಲ್ಪಿಸಿ, ಬರೆದು, ಮುದ್ರೆ ಹಾಕಿಸಿಕೊಳ್ಳುವಾಗ ಆ ಕೋಣೆಯಲ್ಲಿದ್ದ ಯಾರಿಗೂ ನಾಚಿಕೆಯಾಗಲಿಲ್ಲವೆಂಬುದು ನನ್ನನ್ನು ಬಾಧಿಸುತ್ತದೆ.

ದೊಡ್ಡಪ್ಪ: ನಾನು ಹುಡುಕುತ್ತಿದ್ದುದು ಸಿಕ್ಕಿತು. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಕೂಡದು ಎಂಬುದು ನಮ್ಮ ವೃತ್ತಿಯಲ್ಲಿ ಮೊದಲ ಪಾಠ. ನ್ಯಾಯಾಧೀಶನು ದುಷ್ಟನೆಂದು ಶಂಕಿಸಿ ಈ ನಿಯಮವನ್ನು ಮಾಡಿದ್ದಲ್ಲ. ಸಜ್ಜನನ ಬುದ್ಧಿಯೂ ತನ್ನ ಲಾಭದ ಕಡೆಗೆ ತನಗೇ ಅರಿಯದಂತೆ ವಾಲುವುದೆಂಬ ಮನುಷ್ಯಸ್ವಭಾವದ ಪರಿಚಯದಿಂದ ಮಾಡಿದ್ದು. ನಿಮ್ಮ ಆಟದಲ್ಲಿ ನಿಯಮ ವಿಧಿಸುವವನೂ, ನಿಯಮದಂತೆ ನಡೆಯಿತೇ ಎಂದು ತೀರ್ಪು ಕೊಡುವವನೂ, ಸೋತವನ ಪಕ್ಕದಲ್ಲಿ ಅಂಗಡಿ ತೆರೆದು ಕುಳಿತವನೂ ಒಬ್ಬನೇ. ಆಡುವವನಾದರೋ ತಾನು ಎದುರಿನವನೊಡನೆ ಸೆಣಸುತ್ತಿದ್ದೇನೆಂದು ತಿಳಿದಿದ್ದಾನೆ; ನಿಜವಾದ ಎದುರಾಳಿ ಮಧ್ಯಸ್ಥನ ಪೀಠದಲ್ಲಿರುವುದು ಅವನಿಗೆ ಗೊತ್ತಿಲ್ಲ. ಕೌರವಸಭೆಯಲ್ಲಿ ಧರ್ಮರಾಯನಿಗೆ ಕೊನೆಯಪಕ್ಷ ದಾಳ ಯಾರ ಕೈಯಲ್ಲಿದೆಯೆಂಬುದು ಕಾಣುತ್ತಿತ್ತು. ನಿಮ್ಮ ಉದ್ಯಮದ ಅಧರ್ಮವನ್ನು ಒಂದೇ ವಾಕ್ಯದಲ್ಲಿ ಹೇಳೆಂದರೆ, ಮಧ್ಯಸ್ಥನು ಪಂದ್ಯದಲ್ಲಿ ಪಾಲುದಾರನಾಗಿರುವುದು ಎಂದು ಹೇಳುವೆನು.

ಮಗಳು: ಹಾಗಾದರೆ ಕಾನೂನು ಇದನ್ನು ಏಕೆ ಹಿಡಿಯಲಾರದೆ ಹೋಯಿತು?

ದೊಡ್ಡಪ್ಪ: ಅದರ ಅಳತೆಗೋಲು ಹಳೆಯದು. ಕೌಶಲದ ಆಟವೋ, ಅದೃಷ್ಟದ ಆಟವೋ ಎಂಬುದೊಂದೇ ಅದು ಕೇಳಬಲ್ಲ ಪ್ರಶ್ನೆ. ರಮ್ಮಿಯಲ್ಲಿ ಕೌಶಲವೇ ಪ್ರಧಾನವೆಂದು ನಮ್ಮ ಸುಪ್ರೀಂ ಕೋರ್ಟು 1967ರಲ್ಲಿಯೂ, ಕುದುರೆಯ ಜೂಜೂ ಅಂಥದೇ ಎಂದು 1996ರಲ್ಲಿಯೂ ಹೇಳಿತು. ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಕರ್ನಾಟಕ ಸರಕಾರ 2021ರಲ್ಲಿ ಪೊಲೀಸ್ ಕಾಯಿದೆಗೆ ತಂದ ತಿದ್ದುಪಡಿಯನ್ನು ನಮ್ಮ ಹೈಕೋರ್ಟು 2022ರ ಫೆಬ್ರವರಿಯಲ್ಲಿ ರದ್ದುಪಡಿಸಿದಾಗಲೂ ಈ ಭೇದವೇ ಮುಖ್ಯ ಆಧಾರವಾಗಿತ್ತು. ಹಾಲೆಂಡಿನಲ್ಲಿ ಫುಟ್‌ಬಾಲ್ ಆಟವೊಂದರ ಪೆಟ್ಟಿಗೆಗಳಿಗಾಗಿ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಗೆ ವಿಧಿಸಿದ್ದ ಒಂದು ಕೋಟಿ ಯೂರೋ ದಂಡವನ್ನು ಅಲ್ಲಿಯ ಅತ್ಯುಚ್ಚ ಆಡಳಿತ ನ್ಯಾಯಾಲಯ 2022ರ ಮಾರ್ಚಿನಲ್ಲಿ ಅಳಿಸಿಹಾಕಿತು; ಪೆಟ್ಟಿಗೆ ಪ್ರತ್ಯೇಕವಾದ ಆಟವಲ್ಲ, ಕೌಶಲದ ದೊಡ್ಡ ಆಟವೊಂದರ ಅಂಗ ಎಂಬುದು ಅದರ ತರ್ಕ. ನೆರೆಯ ಬೆಲ್ಜಿಯಂನ ಜೂಜಿನ ಆಯೋಗವು 2018ರಲ್ಲಿಯೇ ಇದಕ್ಕೆ ವಿರುದ್ಧವಾಗಿ, ಮೂರು ಪ್ರಸಿದ್ಧ ಆಟಗಳ ಪೆಟ್ಟಿಗೆಗಳು ಜೂಜೇ ಹೌದೆಂದು ತೀರ್ಮಾನಿಸಿತ್ತು. ಎಲ್ಲಕ್ಕಿಂತ ವಿಚಿತ್ರವಾದುದು ಬ್ರಿಟನ್ನಿನ ನಿಲುವು: ಪೆಟ್ಟಿಗೆಯಿಂದ ಬಂದ ವಸ್ತುವನ್ನು ಆಟದ ಹೊರಗೆ ಹಣವಾಗಿ ಮಾರ್ಪಡಿಸಲು ಬಾರದಿದ್ದರೆ ಅದು ಜೂಜಲ್ಲವಂತೆ. ಜೂಜುಕಟ್ಟೆಯಲ್ಲಿ ಹತ್ತು ಬಾರಿ ಸೋತವನಿಗೆ ಹನ್ನೊಂದನೆಯ ಬಾರಿ ಏನಾದರೂ ಮರಳೀತು. ಇಲ್ಲಿ ಎಂದಿಗೂ ಮರಳದು. ಎಂದಿಗೂ ಮರಳದೆಂಬ ಕಾರಣದಿಂದಲೇ ಇದು ನಿರ್ದೋಷ! ನಮ್ಮ ಪಾರ್ಲಿಮೆಂಟು 2025ರ ಆಗಸ್ಟಿನಲ್ಲಿ ಮಾಡಿದ ಆನ್‌ಲೈನ್ ಆಟಗಳ ಶಾಸನ ಕೌಶಲ–ಅದೃಷ್ಟಗಳ ಭೇದವನ್ನು ಬದಿಗೊತ್ತಿ, ಹಣ ಕಟ್ಟಿ ಹಣ ಗೆಲ್ಲುವ ಆಶೆಯಿಂದ ಆಡುವ ಆಟಗಳನ್ನೆಲ್ಲ ನಿಷೇಧಿಸಿತು. ಅದರ ಸಿಂಧುತ್ವವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದ್ದಾರೆ. ಅದೇನೇ ಆಗಲಿ, ಆ ಶಾಸನದ ದೃಷ್ಟಿಯೂ ಆಡುವವನ ಗೆಲುವಿನ ಆಶೆಯ ಮೇಲಿದೆ. ಮಧ್ಯಸ್ಥನ ಪಾಲಿನ ಮೇಲೆ ಇನ್ನೂ ಯಾರ ದೃಷ್ಟಿಯೂ ನೆಟ್ಟಿಲ್ಲ.

ಮಗಳು: ನೀವು ಒಂದು ಅಳತೆಗೋಲನ್ನು ಕೊಡಿ, ನೋಡೋಣ.

ದೊಡ್ಡಪ್ಪ: ಬಯಲಿಗೆ ಬಂದೊಡನೆ ಫಲಿಸದೆ ಹೋಗುವ ನಿಯಮ ಅನ್ಯಾಯದ ನಿಯಮ. ‘ನಿನಗೆ ಆಶೆ ಹುಟ್ಟಲೆಂದೇ ಈ ನಿಪುಣನನ್ನು ನಿನ್ನೆದುರು ತಂದು ನಿಲ್ಲಿಸಿದ್ದೇವೆ’ ಎಂದು ಪಂದ್ಯದ ಆರಂಭದಲ್ಲಿಯೇ ಆಡುವವನಿಗೆ ತಿಳಿಸಿದರೆ ಅವನು ಆಯುಧವನ್ನು ಕೊಳ್ಳುವನೇ? ಕೊಳ್ಳನಾದರೆ ಆ ನಿಯಮವನ್ನು ಕಿತ್ತುಹಾಕು.

ಮಗಳು: ಕೋಲು ಚೆನ್ನಾಗಿದೆ, ಆದರೆ ನನ್ನ ವೃತ್ತಿಯಲ್ಲಿ ಅದು ಎರಡು ಕಡೆ ತಪ್ಪು ಅಳೆಯುತ್ತದೆ. ಮೊದಲನೆಯದು, ಎಲ್ಲ ಗುಟ್ಟೂ ಮೋಸವಲ್ಲ. 2005ರಲ್ಲಿ ಬಂದ ‘ರೆಸಿಡೆಂಟ್ ಈವಿಲ್ 4’ ಎಂಬ ಆಟವು ಆಡುವವನು ಮತ್ತೆ ಮತ್ತೆ ಸೋಲುತ್ತಿದ್ದರೆ ಅವನಿಗೆ ಹೇಳದೆಯೇ ಶತ್ರುಗಳ ಬಲವನ್ನು ತಗ್ಗಿಸುತ್ತಿತ್ತು, ಗೆಲ್ಲುತ್ತಿದ್ದರೆ ಹೆಚ್ಚಿಸುತ್ತಿತ್ತು. ಹೇಳಿಬಿಟ್ಟಿದ್ದರೆ ಗೆಲುವಿನ ಸವಿ ಕೆಡುತ್ತಿತ್ತು. ಹಾಗೆ ಮರೆಮಾಚಿದವನನ್ನು ವಂಚಕನೆನ್ನಲಾರೆ. ಎರಡನೆಯದು, ಗುಟ್ಟು ಬಯಲಾದರೂ ಬಲೆ ಹರಿಯದಿರುವುದುಂಟು. ಪೆಟ್ಟಿಗೆಯಲ್ಲಿ ಯಾವ ವಸ್ತು ಬರುವ ಸಂಭವ ಎಷ್ಟೆಂದು ಪ್ರಕಟಿಸಬೇಕೆಂದು ಚೀನಾ 2017ರ ಮೇ ತಿಂಗಳಿಂದ ಕಡ್ಡಾಯಮಾಡಿತು. ಆ್ಯಪಲ್ ಸಂಸ್ಥೆಯೂ ಅದೇ ವರ್ಷದ ಡಿಸೆಂಬರಿನಲ್ಲಿ ತನ್ನ ಅಂಗಡಿಯ ಆಟಗಳಿಗೆ ಹಾಗೆಯೇ ವಿಧಿಸಿತು. ನೂರಕ್ಕೆ ಒಂದು ಪಾಲೂ ಇಲ್ಲವೆಂದು ಬರೆದಿರುವುದನ್ನು ಓದಿಯೂ ಜನ ಕೊಂಡರು, ಕೊಳ್ಳುತ್ತಲೇ ಇದ್ದಾರೆ. ಆಟದ ಮೇಲಣ ಹತೋಟಿ ತಪ್ಪುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವ್ಯಾಧಿಗಳ ಪಟ್ಟಿಗೆ ಸೇರಿಸಿತು. ಅದಕ್ಕೂ ಮುನ್ನ 2014ರಲ್ಲಿಯೇ ನಮ್ಮ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗಾಗಿ ಪ್ರತ್ಯೇಕ ಚಿಕಿತ್ಸಾಲಯ ತೆರೆದಿತ್ತು. ಅಲ್ಲಿಗೆ ಬರುವವನಿಗೆ ಬೇಕಾದುದು ಮಾಹಿತಿಯಲ್ಲ.

ದೊಡ್ಡಪ್ಪ: ಎರಡು ಆಕ್ಷೇಪಣೆಗಳನ್ನೂ ಎತ್ತಿಹಿಡಿಯುತ್ತೇನೆ, ಎರಡೂ ಸೇರಿ ಕೋಲನ್ನು ನೇರ ಮಾಡಿದವು. ಗುಟ್ಟು ಯಾರ ಹಿತಕ್ಕಾಗಿ ಎಂಬುದೇ ಮುಖ್ಯ. ಸೋತವನ ಮೇಲಿನ ಕನಿಕರದಿಂದ ಶತ್ರುವಿನ ಬಲವನ್ನು ತಗ್ಗಿಸಿದವನಿಗೆ ಆ ಸೋಲಿನಿಂದ ಬರುವ ಆದಾಯವೇನೂ ಇರಲಿಲ್ಲ. ಬೆಲೆ ಮೊದಲೇ ಪಾವತಿಯಾಗಿತ್ತು. ಎರಡನೆಯ ಪ್ರಸಂಗದಲ್ಲಿ ಸಂಭವದ ಅಂಕಿಗಳನ್ನು ಗೋಡೆಯ ಮೇಲೆ ಬರೆದರೂ ದೋಷ ಉಳಿಯಿತೇಕೆ? ಬರೆದವನ ಪಾಲು ಹಾಗೆಯೇ ಉಳಿದದ್ದರಿಂದ. ಆದುದರಿಂದ ಬಹಿರಂಗತೆ ಅಗತ್ಯ, ಆದರೆ ಸಾಲದು. ಕಟ್ಟಿದವನ ಸಂಪಾದನೆ ಆಡುವವನ ದುರ್ಬಲವಾದ ಗಳಿಗೆಗೆ ಗಂಟುಹಾಕಿಕೊಂಡಿರಕೂಡದು. ಮಧ್ಯಸ್ಥನಿಗೆ ವೇತನವಿರಲಿ, ಪಾಲು ಬೇಡ. ಆಟವೊಂದಕ್ಕೆ ಇಂತಿಷ್ಟು, ತಿಂಗಳಿಗೆ ಇಂತಿಷ್ಟು, ಕಣ್ಣಿಗೆ ಕಾಣುವ ಈ ಉಡುಪಿಗೆ ಇಂತಿಷ್ಟು ಎಂದು ಗೊತ್ತಾದ ಬೆಲೆಗೆ ಮಾರಿ ಸಿಂಧನೂರಿನ ಹುಡುಗನನ್ನು ಉಚಿತವಾಗಿ ಆಡಿಸಲು ಬಾರದೇ?

ಮಗಳು: ಬರುತ್ತದೆ, ಮಾಡಿಯೂ ತೋರಿಸಿದ್ದಾರೆ. ‘ಫೋರ್ಟ್‌ನೈಟ್’ ಆಟದ ಒಂದು ಭಾಗದಲ್ಲಿದ್ದ ಮುಚ್ಚಿದ ಪೆಟ್ಟಿಗೆಗಳನ್ನು ಎಪಿಕ್ ಸಂಸ್ಥೆ 2019ರ ಆರಂಭದಲ್ಲಿ ಪಾರದರ್ಶಕ ಮಾಡಿ, ಕೊಳ್ಳುವ ಮೊದಲೇ ಒಳಗಿರುವುದು ಕಾಣುವಂತೆ ಮಾಡಿತು; ಅದೇ ವರ್ಷದ ಕೊನೆಯಲ್ಲಿ ‘ರಾಕೆಟ್ ಲೀಗ್’ ಆಟದಲ್ಲಿಯೂ ಹಾಗೆಯೇ ಆಯಿತು. ಎರಡು ಆಟಗಳೂ ಮುಳುಗಲಿಲ್ಲ. ಆದರೆ ಬೆಲೆ ಕಾಣಿಸಿದರೆ ಸಾಲದು, ಕೊಳ್ಳುವ ಸಂಕಲ್ಪವೂ ಕಾಣಿಸಬೇಕೆಂಬುದಕ್ಕೆ ಅದೇ ಸಂಸ್ಥೆ ಉದಾಹರಣೆಯಾಯಿತು. 2022ರ ಡಿಸೆಂಬರಿನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನೊಡನೆ ಅದು 52 ಕೋಟಿ ಡಾಲರಿನ ರಾಜಿಗೆ ಒಪ್ಪಬೇಕಾಯಿತು: 27.5 ಕೋಟಿ ಮಕ್ಕಳ ಖಾಸಗಿತನದ ಕಾನೂನನ್ನು ಮೀರಿದ ಆರೋಪಕ್ಕೆ ದಂಡ, 24.5 ಕೋಟಿ ಆಟಗಾರರಿಗೆ ಮರುಪಾವತಿ. ಆಯೋಗದ ಆರೋಪದಂತೆ, ಗುಂಡಿಗಳನ್ನು ಜೋಡಿಸಿದ್ದ ಬಗೆಯಿಂದಾಗಿ ಮಲಗಿದ್ದ ಆಟವನ್ನು ಎಬ್ಬಿಸಲೋ, ವಸ್ತುವೊಂದನ್ನು ಬರಿದೇ ನೋಡಲೋ ಹೋದವರ ಖಾತೆಯಿಂದ ಒಂದೇ ಒತ್ತಿಗೆ ಹಣ ಹೋಗುತ್ತಿತ್ತು. ಬ್ಯಾಂಕಿನಲ್ಲಿ ತಕರಾರು ಮಾಡಿದವರ ಖಾತೆಗೆ ಬೀಗ ಬೀಳುತ್ತಿತ್ತು. ಮಕ್ಕಳ ಆಟದಲ್ಲಿ ಅಪರಿಚಿತರೊಡನೆ ಮಾತಿನ ಸಂಪರ್ಕ ತಾನಾಗಿಯೇ ತೆರೆದಿರುತ್ತಿತ್ತು. ನನಗೆ ಮುಖ್ಯವಾದುದು ಆ ದೂರಿನ ಇನ್ನೊಂದು ಅಂಶ: ಇವುಗಳ ಬಗೆಗೆ ಸಂಸ್ಥೆಯ ಒಳಗಿನ ನೌಕರರೇ ಎಚ್ಚರಿಸಿದ್ದರು, ಆ ಎಚ್ಚರಿಕೆ ಮೇಲೆ ಹೋಗಿ ನಿಂತಿತು ಎಂಬುದು.

ದೊಡ್ಡಪ್ಪ: ಎಂದರೆ ಧರ್ಮ ಗೊತ್ತಿದ್ದವರು ಇದ್ದರು.

ಮಗಳು: ಎಲ್ಲೆಲ್ಲಿಯೂ ಇರುತ್ತಾರೆ, ದೊಡ್ಡಪ್ಪ. ಆದರೆ ನೀವು ಹೇಳುವ ಮಧ್ಯಸ್ಥ ನಮ್ಮಲ್ಲಿ ಒಬ್ಬ ವ್ಯಕ್ತಿಯಲ್ಲ. ಚಿತ್ರ ಬರೆಯುವವನು ಒಬ್ಬ, ಲೆಕ್ಕ ಕಟ್ಟುವವಳು ಒಬ್ಬಳು, ದೋಷ ಪರೀಕ್ಷಿಸುವ ನೂರು ಮಂದಿ ಗುತ್ತಿಗೆಯವರು. 1997ರಲ್ಲಿ ಬೆಂಗಳೂರಿನಲ್ಲಿ ಧ್ರುವ ಇಂಟರ್‌ಆ್ಯಕ್ಟಿವ್ ಹುಟ್ಟಿದಂದಿನಿಂದಲೂ ನಮ್ಮೂರಿನವರು ಬಹುವಾಗಿ ಮಾಡಿದ್ದು ಹೊರದೇಶದ ದೊಡ್ಡ ಆಟಗಳಿಗೆ ಬೇಕಾದ ಬಿಡಿಭಾಗಗಳನ್ನು. ಕಾರು, ಕಟ್ಟಡ, ಮುಖ. ಇಡೀ ಆಟದ ಆರ್ಥಿಕ ನಿಯಮ ಅವರ ಕಣ್ಣಿಗೇ ಬೀಳುವುದಿಲ್ಲ. ಬಿದ್ದವರ ಪಾಡಾದರೂ ಏನು? 2004ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್‌ನ ನೌಕರನೊಬ್ಬನ ಜೊತೆಗಾತಿ, ವಾರಕ್ಕೆ 80 ಗಂಟೆ ಮೀರಿದ ದುಡಿತದ ವೃತ್ತಾಂತವನ್ನು ಹೆಸರಿಲ್ಲದೆ ಪ್ರಕಟಿಸಿದಳು. ಮೊಕದ್ದಮೆಗಳು ನಡೆದು ಸಂಸ್ಥೆ ಕೋಟ್ಯಂತರ ಡಾಲರ್ ತೆತ್ತಿತು. ಹದಿನಾರು ವರ್ಷಗಳ ಮೇಲೆ, ಕಡ್ಡಾಯದ ಅತಿದುಡಿಮೆ ಇಲ್ಲವೆಂದು ಮಾತು ಕೊಟ್ಟಿದ್ದ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಸಂಸ್ಥೆಯು ‘ಸೈಬರ್‌ಪಂಕ್ 2077’ರ ಕೊನೆಯ ವಾರಗಳಲ್ಲಿ ಆರು ದಿನದ ವಾರವನ್ನು ವಿಧಿಸಿತು. ಇಷ್ಟಾಗಿಯೂ ಆಟ ಹಳೆಯ ಯಂತ್ರಗಳಲ್ಲಿ ನಡೆಯುವ ಸ್ಥಿತಿಯಲ್ಲಿರಲಿಲ್ಲ. ಆ ಆವೃತ್ತಿಯನ್ನು ವಿಮರ್ಶಕರಿಗೆ ಮುಂಚಿತವಾಗಿ ಕೊಟ್ಟಿರಲೂ ಇಲ್ಲ. 2020ರ ಡಿಸೆಂಬರಿನಲ್ಲಿ ಬಿಡುಗಡೆಯಾದ ವಾರದೊಳಗೇ ಸೋನಿ ಅದನ್ನು ತನ್ನ ಅಂಗಡಿಯಿಂದ ತೆಗೆದುಹಾಕಿತು. ಒಳಗಿನವರಿಗೆ ಸ್ಥಿತಿ ತಿಳಿದಿರಲಿಲ್ಲವೆ? ತಿಳಿದಿತ್ತು. ನಿದ್ದೆಗೆಟ್ಟು, ಗುತ್ತಿಗೆಯ ಅವಧಿ ಮುಗಿಯುವುದನ್ನೇ ಎಣಿಸುತ್ತಿರುವವನಿಂದ ‘ಇದು ಸರಿಯಲ್ಲ’ ಎಂಬ ಮಾತು ಹೊರಡುವುದಿಲ್ಲ. ಹೊರಟರೂ ಅದನ್ನು ಕೇಳಿಸಿಕೊಳ್ಳುವವರಿಲ್ಲ.

ದೊಡ್ಡಪ್ಪ: ನನ್ನ ಪೀಠದ ಹೋಲಿಕೆಯನ್ನು ನೀನು ಇನ್ನೊಂದು ಹೆಜ್ಜೆ ಮುಂದಕ್ಕೆ ನಡೆಸಿದೆ. ನ್ಯಾಯಾಧೀಶನಿಗೆ ಸಂಬಳ ಕೊಡುವುದು ಸರಕಾರ. ಆ ಸರಕಾರದ ವಿರುದ್ಧವೇ ಅವನು ತೀರ್ಪು ಬರೆಯಬೇಕಾಗುವುದುಂಟು. ಬರೆಯುವ ಧೈರ್ಯ ಅವನಿಗೆ ಎಲ್ಲಿಂದ ಬಂದಿತು? ಅವನ ಶೀಲದಿಂದ ಎಂದು ಸನ್ಮಾನಸಭೆಗಳಲ್ಲಿ ಹೇಳುತ್ತಾರೆ. ಮೂವತ್ತು ವರ್ಷ ಆ ಕುರ್ಚಿಯಲ್ಲಿ ಕುಳಿತ ನಾನು ಹೇಳುವುದು ಬೇರೆ: ಅವನನ್ನು ಸುಲಭವಾಗಿ ತೆಗೆದುಹಾಕಲು ಬಾರದು, ಅವನ ಸಂಬಳವನ್ನು ಸಿಟ್ಟಿನಿಂದ ಕಡಿಯಲು ಬಾರದು ಎಂಬ ಭದ್ರತೆಯಿಂದ. ಶೀಲಕ್ಕೆ ಅಂಥದೊಂದು ಆವರಣವಿಲ್ಲದಿದ್ದರೆ ಅದು ಕೆಲವೇ ಮಹಾನುಭಾವರ ಆಭರಣವಾಗಿ ಉಳಿದೀತು.

ಮಗಳು: ಅಂದರೆ ಆಡುವವನ ರಕ್ಷಣೆ ಆರಂಭವಾಗುವುದು ಕಟ್ಟುವವರ ರಕ್ಷಣೆಯಿಂದ ಎಂದಾಯಿತು. 2022ರ ಮೇ ತಿಂಗಳಲ್ಲಿ ಅಮೆರಿಕದ ರೇವನ್ ಸಾಫ್ಟ್‌ವೇರ್ ಸಂಸ್ಥೆಯ ಪರೀಕ್ಷಕರು, ನಮ್ಮ ವೃತ್ತಿಯ ಶ್ರೇಣಿಯಲ್ಲಿ ಅತ್ಯಂತ ಕೆಳಗಿನವರು, ಮತ ಹಾಕಿ ಸಂಘ ಕಟ್ಟಿಕೊಂಡಾಗ ಅದು ಬರಿಯ ಕೂಲಿಯ ವಿಷಯವೆಂದು ಪತ್ರಿಕೆಗಳು ಬರೆದವು. ದೋಷವನ್ನು ಮೊದಲು ಕಾಣುವವರು ಅವರೇ. ಕಂಡದ್ದನ್ನು ನಿರ್ಭಯವಾಗಿ ಹೇಳುವ ಹಕ್ಕು ಅವರಿಗೆ ದೊರೆತರೆ ಅದರ ಫಲ ಆಡುವವನಿಗೂ ಸಲ್ಲುತ್ತದೆ. ಆದರೆ ಸಂಘ ಬರುವವರೆಗೆ ಕಾಯುತ್ತೇನೆಂದು ನಾನು ಹೇಳಿದರೆ ನೀವು ಅದನ್ನು ಒಪ್ಪುವಿರಾ?

ದೊಡ್ಡಪ್ಪ: ಒಪ್ಪೆನು. ಆವರಣವಿಲ್ಲದ ಕಾಲದಲ್ಲಿಯೂ ಕೆಲವು ಕಾಗದಗಳಿಗೆ ಸಹಿ ಹಾಕದಿರುವ ಅಧಿಕಾರ ಅತ್ಯಂತ ಕಿರಿಯ ಗುಮಾಸ್ತನಿಗೂ ಉಂಟು. ಅದರ ಬೆಲೆಯನ್ನು ಅವನು ತೆರಬೇಕಾಗುವುದೆಂಬುದೂ ನಿಜ. ನಿನ್ನ ಮುಂದೆ ಬರುವ ಪ್ರತಿಯೊಂದು ವಿನ್ಯಾಸದ ಅಂಚಿನಲ್ಲಿ ಎರಡು ಸಾಲು ಬರೆ: ಈ ನಿಯಮ ಆಡುವವನಿಗೆ ತಿಳಿದಿದೆಯೇ? ಅವನು ಸೋತಾಗ ನಮ್ಮ ಆದಾಯ ಏರುವುದೇ? ಮೊದಲನೆಯದಕ್ಕೆ ಇಲ್ಲವೆಂದೂ ಎರಡನೆಯದಕ್ಕೆ ಹೌದೆಂದೂ ಉತ್ತರ ಬಂದ ಕಡೆ ನಿನ್ನ ಆಕ್ಷೇಪಣೆಯನ್ನು ಬರಹದಲ್ಲಿ ದಾಖಲಿಸು, ದಿನಾಂಕ ಹಾಕು. ಮೇಲಿನವರು ಅದನ್ನು ತಳ್ಳಿಹಾಕಬಹುದು. ಆದರೆ ತಮಗೆ ಗೊತ್ತಿರಲಿಲ್ಲವೆಂದು ಮುಂದೆ ಎಂದಿಗೂ ಹೇಳಲಾರರು.

ಮಗಳು: ಬರೆಯುತ್ತೇನೆ. ತಿಳಿದಿದ್ದೂ ಮಾಡಿದರೇ ಎಂಬ ಪ್ರಶ್ನೆಯನ್ನು ನಿಮ್ಮ ವೃತ್ತಿಯವರು ಆಮೇಲೆ ಕೇಳಬೇಕಾಗುವುದು. ಆಗ ಕೌಶಲವೋ ಅದೃಷ್ಟವೋ ಎಂದು ಮತ್ತೆ ಹಳೆಯ ಕೋಲನ್ನೇ ಹಿಡಿದು ಕುಳಿತರೆ ನನ್ನ ಎರಡು ಸಾಲುಗಳಿಗೆ ಕಡತದಲ್ಲಿ ಬೆಲೆಯಿರದು.